ಒಂದು ಷೆವರ್ಲೆ ಪಿಕಪ್, ಮೂರು ಇಸವಿ

ಗಾಡಿ ಷೆವರ್ಲೆ ಅರ್ಧ ಟನ್ ಪಿಕಪ್, ಸ್ಟೀರಿಂಗ್ ಬಲಗಡೆ. ಮಾಲೀಕರು ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಇಟ್ಟುಕೊಂಡಿದ್ದ ಮನೆತನದವರು, ಈಗ ಯಲಹಂಕದಲ್ಲಿದ್ದಾರೆ. ವಿಮಾನ ನಿಲ್ದಾಣ ಬಂದ ಮೇಲೆ ತೋಟವೆಲ್ಲ ಸೈಟುಗಳಾಯಿತು. ಉಳಿದದ್ದು ಒಂದು ಷೆಡ್ಡು, ಷೆಡ್ಡಿನೊಳಗೆ ಈ ಗಾಡಿ. ಆರ್.ಸಿ. ಪುಸ್ತಕದಲ್ಲಿ ತಯಾರಾದ ವರ್ಷ 1954 ಎಂದಿದೆ. ಮನೆಯ ಹಿರಿಯರಾದ ಚಿಕ್ಕಪ್ಪ 1947 ಎನ್ನುತ್ತಾರೆ. ಕೊಳ್ಳಲು ಬಂದಿದ್ದ ವ್ಯಾಪಾರಿಯೊಬ್ಬ ಎಡಗಡೆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ 1951 ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೂ ಹೇಳಿ ಹೋಗಿದ್ದ.

ಹಳೆಯದು ಹಳೆಯದೇ, ಇಸವಿ ಯಾವುದಾದರೇನು ಎನ್ನಬಹುದು. ಆದರೆ ಮಾಲೀಕರು ಗಾಡಿ ಮಾರದೆ ರಿಪೇರಿ ಮಾಡಿಸಲು ತೀರ್ಮಾನಿಸಿದ್ದರು. ಈ ಸಾಲಿನ ಗಾಡಿಗಳ ರಬ್ಬರು, ಗಾಜು, ಹಿಡಿಗಳು ಅಮೆರಿಕದಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ. ಆರ್ಡರ್ ಮಾಡಲು ಹೊರಟರೆ ಮೊದಲು ಕೇಳುವುದೇ ಇಸವಿ. ತಪ್ಪು ಇಸವಿ ಹೇಳಿದರೆ ತಪ್ಪು ಸಾಮಾನು ಬರುತ್ತದೆ, ಸಾಗಣೆಗೂ ಕಸ್ಟಮ್ಸಿಗೂ ತೆತ್ತ ದುಡ್ಡು ಹೋದಂತೆಯೇ. ಇನ್ನೊಂದು ಕಾರಣವೂ ಇತ್ತು. ಚಿಕ್ಕಪ್ಪನವರಿಗೆ ಬಾಗಿಲ ಮೇಲೆ ‘1947’ ಎಂದು ಬರೆಸುವ ಆಸೆ. ಪೇಂಟರಿಗೆ ಹೇಳಿಯೂ ಆಗಿತ್ತು. ಆ ಬ್ರಷ್ಷು ಬಾಗಿಲು ಮುಟ್ಟುವ ಮೊದಲು ಇದನ್ನು ಇತ್ಯರ್ಥ ಮಾಡಿ ಎಂದು ಮಾಲೀಕರು ಗಾಡಿಯನ್ನು ವಿಲ್ಸನ್ ಗಾರ್ಡನ್ನಿನ ನಮ್ಮ ಪರಿಚಯದ ಮೇಸ್ತ್ರಿಯ ಗ್ಯಾರೇಜಿಗೆ ತಂದಿಳಿಸಿದರು.

ಷೆವರ್ಲೆಯ ಈ ವಿನ್ಯಾಸ ಅಮೆರಿಕದಲ್ಲಿ ಬಿಡುಗಡೆಯಾದದ್ದು 1947ರ ಜೂನ್ 28ರಂದು. 1955ರ ಆರಂಭದವರೆಗೆ ಇದೇ ಮುಖ, ಇದೇ ದುಂಡು ಬಾನೆಟ್ಟು ನಡೆಯಿತು. ದೂರದಿಂದ ನೋಡಿದರೆ 47ರ ಗಾಡಿಗೂ 53ರ ಗಾಡಿಗೂ ವ್ಯತ್ಯಾಸವೇ ಇಲ್ಲ. ಆದರೆ ಕಂಪನಿ ಪ್ರತಿ ವರ್ಷ ಒಂದಿಷ್ಟು ಸಣ್ಣಪುಟ್ಟ ಬದಲಾವಣೆ ಮಾಡುತ್ತ ಹೋಯಿತು. ಒಂದು ವರ್ಷ ಪೆಟ್ರೋಲ್ ಟ್ಯಾಂಕಿನ ಜಾಗ ಬದಲಾಯಿತು, ಒಂದು ವರ್ಷ ಬಾಗಿಲ ಗಾಜು, ಇನ್ನೊಂದು ವರ್ಷ ಹಿಡಿ. ಇಸವಿ ಹಿಡಿಯಬೇಕಾದದ್ದು ಇವುಗಳಿಂದ.

ಅಮೆರಿಕದಲ್ಲಾದರೆ ಇಷ್ಟು ಕಷ್ಟವಿಲ್ಲ. ಬಾಗಿಲ ಕಂಬಕ್ಕೆ ಒಂದು ಲೋಹದ ಫಲಕ ಇರುತ್ತದೆ. ಅದರ ಸಂಖ್ಯೆಯಲ್ಲಿ ಬರುವ ಅಕ್ಷರವೇ ವರ್ಷ ಹೇಳುತ್ತದೆ: ಇ ಎಂದರೆ 1947, ಎಫ್ 48, ಜಿ 49, ಎಚ್ 50, ಐ ಬಿಟ್ಟು ಜೆ 51, ಕೆ 52. ಅದರ ಪಕ್ಕದ ಪಿ ಎಂದರೆ ಅರ್ಧ ಟನ್. ಕೆನಡಾದಲ್ಲಿ ತಯಾರಾದವುಗಳ ಬರವಣಿಗೆ ಬೇರೆ, ಆದರೂ ಫಲಕವಿದ್ದರೆ ಓದಬಹುದು. ನಮ್ಮ ಗಾಡಿಯಲ್ಲಿ ಫಲಕದ ಜಾಗದಲ್ಲಿ ಸ್ಕ್ರೂ ತೂತುಗಳಷ್ಟೇ ಇದ್ದವು.

ಫಲಕ ಇದ್ದಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯ ಸೇವ್ರಿಯಲ್ಲಿ ಕಾರ್ಖಾನೆ ನಡೆಸುತ್ತಿತ್ತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಜೋಡಣೆ. ದೇಶದೊಳಗೇ ಭಾಗಗಳನ್ನು ತಯಾರಿಸುವ ಯೋಜನೆ ಇರುವ ಕಂಪನಿಗಳಷ್ಟೇ ಉಳಿಯಲಿ ಎಂದು 1953ರಲ್ಲಿ ಸುಂಕ ಆಯೋಗ (ಟ್ಯಾರಿಫ್ ಕಮಿಷನ್) ಶಿಫಾರಸು ಮಾಡಿತು, ಮರುವರ್ಷವೇ ಸೇವ್ರಿಯ ಜೋಡಣೆ ನಿಂತಿತು. ಹಾಗಾಗಿ ನಮ್ಮ ಕಡೆಯ ಅಮೆರಿಕನ್ ಗಾಡಿ ‘ತಯಾರಾದದ್ದು’ ಯಾವಾಗ ಎಂದರೆ ಉತ್ತರ ಒಂದಲ್ಲ. ಎರಕ ಹೊಯ್ದದ್ದು ಒಂದು ದಿನ, ಮುಂಬಯಿಯಲ್ಲಿ ಬೋಲ್ಟು ಬಿಗಿದದ್ದು ಇನ್ನೊಂದು ದಿನ, ಷೋರೂಮಿನಿಂದ ಹೋದದ್ದು ಮತ್ತೊಂದು, ಸರ್ಕಾರದ ಪುಸ್ತಕಕ್ಕೆ ಹೆಸರು ಹತ್ತಿದ್ದು ಮಗದೊಂದು. ಆರ್.ಸಿ. ಪುಸ್ತಕಕ್ಕೆ ಗೊತ್ತಿರುವುದು ಕೊನೆಯದು ಮಾತ್ರ.

ಆ ಪುಸ್ತಕವನ್ನೇ ಮೊದಲು ನೋಡಿದೆವು. ಅದು ಮೂಲ ಪುಸ್ತಕವಲ್ಲ, ನಕಲು. ತಯಾರಾದ ವರ್ಷವೂ 1954, ನೋಂದಣಿಯೂ 1954, ಎರಡೂ ಒಂದೇ ಕೈಬರಹ. ಎಂಜಿನ್ ನಂಬರಿನ ಕಡೆ ಇದ್ದದ್ದು ಪರ್ಕಿನ್ಸ್ ಡೀಸೆಲ್ ಎಂಜಿನ್ನಿನ ಸಂಖ್ಯೆ. ಚಾಸಿ ನಂಬರಿನ ಕಡೆಯೂ ಅದೇ ಸಂಖ್ಯೆಯನ್ನು ಇಳಿಸಿದ್ದರು. ಬಾನೆಟ್ಟು ಎತ್ತಿದರೆ ಎದುರಿಗಿದ್ದದ್ದೂ ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸೇ. ಪೆಟ್ರೋಲ್ ಬೆಲೆ ಏರಿದಾಗ ಅಮೆರಿಕನ್ ಗಾಡಿಗಳ ದೊಡ್ಡ ಆರು ಸಿಲಿಂಡರ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ನಮ್ಮಲ್ಲಿ ಬಹಳ ನಡೆದ ಕೆಲಸ. ಅಂದರೆ ಈ ನಕಲು ಪುಸ್ತಕ ಬರೆದದ್ದು ಎಂಜಿನ್ ಬದಲಾದ ಮೇಲೆ. ಗಾಡಿ ಹುಟ್ಟಿದಾಗಿನ ಸಂಗತಿ ಅದಕ್ಕೆ ತಿಳಿದಿರಲು ಕಾರಣವೇ ಇಲ್ಲ.

1954 ತಪ್ಪು ಎಂದು ತೋರಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಆ ವರ್ಷ ಷೆವರ್ಲೆ ಮುಂದಿನ ಗಾಜನ್ನು ಒಂದೇ ತುಂಡಿನ ಬಾಗಿದ ಗಾಜಾಗಿ ಮಾಡಿತು. ಐದು ಅಡ್ಡಪಟ್ಟಿಯ ಗ್ರಿಲ್ ಹೋಗಿ ದಪ್ಪ ಅಡ್ಡ-ಉದ್ದ ಪಟ್ಟಿಯ ಗ್ರಿಲ್ ಬಂತು, ಹಿಂದಿನ ದೀಪಗಳು ದುಂಡಗಾದವು, ಎಂಜಿನ್ 216 ಘನ ಇಂಚಿನಿಂದ 235ಕ್ಕೆ ಏರಿತು. ನಮ್ಮ ಗಾಡಿಯ ಮುಂದಿನ ಗಾಜು ಎರಡು ಚಪ್ಪಟೆ ತುಂಡು, ನಡುವೆ ಲೋಹದ ಪಟ್ಟಿ. ಗ್ರಿಲ್ ಬದಲಾಯಿಸಬಹುದು, ದೀಪ ಬದಲಾಯಿಸಬಹುದು. ಗಾಜು ಕೂರುವ ಚೌಕಟ್ಟು ಕ್ಯಾಬಿನ್ನಿನ ತಗಡಿನಲ್ಲೇ ಒತ್ತಿ ಬಂದದ್ದು, ಅದನ್ನು ಬದಲಿಸಬೇಕಾದರೆ ಕ್ಯಾಬಿನ್ನನ್ನೇ ಬದಲಿಸಬೇಕು. ಆರ್.ಸಿ. ಪುಸ್ತಕ ಅಲ್ಲಿಗೆ ಪಕ್ಕಕ್ಕೆ ಸರಿಯಿತು.

ಚಿಕ್ಕಪ್ಪನವರ 1947 ಅಷ್ಟು ಸುಲಭವಾಗಿ ಸರಿಯುವಂಥದ್ದಲ್ಲ. ಅವರ ಹತ್ತಿರ ಎರಡು ಸಾಕ್ಷಿ ಇದ್ದವು, ಜೊತೆಗೆ ಎಂಬತ್ತು ದಾಟಿದವರ ಗಟ್ಟಿ ದನಿ. “ನಾನು ಕಣ್ಣಾರೆ ಕಂಡಿದೀನಿ ಕಣಪ್ಪ. ಸ್ವಾತಂತ್ರ್ಯ ಬಂದಾಗ ನಮ್ಮಪ್ಪ ಇದೇ ಗಾಡೀಗೆ ಬಾವುಟ ಕಟ್ಕೊಂಡು ರಸೆಲ್ ಮಾರ್ಕೆಟ್‌ಗಂಟ ಹೋಗಿದ್ರು. ಫೋಟೋನೂ ಐತೆ.”

ಫೋಟೋ ಇತ್ತು. ಬಾವುಟವೂ ಇತ್ತು, ಲಾರಿಯೂ ಇತ್ತು, ಅದರ ಮೇಲೆ ಪೇಟ ಸುತ್ತಿದ ನಾಲ್ಕಾರು ಜನರೂ ಇದ್ದರು. ಅದು ಆಗಸ್ಟ್ 15ರದ್ದೋ, ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಸಿಕ್ಕ ಅಕ್ಟೋಬರಿನದ್ದೋ ಎಂದು ಮನೆಯಲ್ಲೇ ಒಂದು ವಾದವಿದೆ. ನಮ್ಮ ಕೆಲಸಕ್ಕೆ ಅದು ಬೇಕಾಗಿರಲಿಲ್ಲ. ಫೋಟೋದ ಗ್ರಿಲ್ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಅದು ಎರಡು ಅಂತಸ್ತಿನದು: ಮೇಲ್ಭಾಗದಲ್ಲಿ ಪಟ್ಟಿಗಳು ಅಡ್ಡ, ಕೆಳಭಾಗದಲ್ಲಿ ಲಂಬ. ಅದು ಷೆವರ್ಲೆಯೇ, ಸಂಶಯವಿಲ್ಲ, ಆದರೆ 1941ರಲ್ಲಿ ಬಂದ ಹಿಂದಿನ ವಿನ್ಯಾಸದ್ದು. ಈ ಷೆಡ್ಡಿನ ಗಾಡಿಯ ಅಣ್ಣ ಎನ್ನಬಹುದು. ಬೆಂಗಳೂರು ದಂಡಿನ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಹರಾಜಿಗಿಟ್ಟ ಲಾರಿಗಳನ್ನು ಕೊಂಡು ಬಾಡಿಗೆಗೆ ಓಡಿಸಿದ ಮನೆತನಗಳು ಎಷ್ಟೋ. ತಾತನೂ ಅಂಥದ್ದೊಂದನ್ನು ಇಟ್ಟುಕೊಂಡಿದ್ದಿರಬಹುದು. ಐದು ವರ್ಷದ ಹುಡುಗನ ನೆನಪಿನಲ್ಲಿ ಎರಡು ಗಾಡಿ ಒಂದಾಗಿ ಕೂತಿದ್ದರೆ ಆಶ್ಚರ್ಯವೇನಿಲ್ಲ.

ಫೋಟೋ ಇಲ್ಲದಿದ್ದರೂ ದಿನಾಂಕವೇ ಒಪ್ಪುತ್ತಿರಲಿಲ್ಲ. ಈ ವಿನ್ಯಾಸ ಅಮೆರಿಕದ ಅಂಗಡಿಗೆ ಬಂದದ್ದು ಜೂನ್ 28ಕ್ಕೆ. ಅಲ್ಲಿಂದ ಆಗಸ್ಟ್ 15ಕ್ಕೆ ಏಳು ವಾರವೂ ಪೂರ್ತಿ ಇಲ್ಲ. ಅಷ್ಟರಲ್ಲಿ ಬಲಗೈ ಸ್ಟೀರಿಂಗಿನ ಭಾಗಗಳು ತಯಾರಾಗಿ, ಪೆಟ್ಟಿಗೆಗೆ ಬಿದ್ದು, ಹಡಗೇರಿ, ಮುಂಬಯಿಯಲ್ಲಿ ಜೋಡಣೆಯಾಗಿ, ಬೆಂಗಳೂರಿಗೆ ಬಂದು, ಬಾವುಟ ಕಟ್ಟಿಸಿಕೊಂಡು ನಿಲ್ಲಬೇಕು. ಅದೂ ಯುದ್ಧ ಮುಗಿದು ಎರಡೇ ವರ್ಷವಾಗಿ, ಅಮೆರಿಕದವರೇ ಹೊಸ ಗಾಡಿಗೆ ಸಾಲು ನಿಂತಿದ್ದ ಕಾಲದಲ್ಲಿ.

ಅವರ ಎರಡನೆಯ ಸಾಕ್ಷಿ ಬಾನೆಟ್ಟಿನ ಬದಿಯ ಲಾಂಛನ. ‘ಥ್ರಿಫ್ಟ್‌ಮಾಸ್ಟರ್’ ಎಂದು ಅದರಲ್ಲಿದೆ. ಈ ಹೆಸರು 47, 48ರ ಗಾಡಿಗಳಲ್ಲಿ ಮಾತ್ರ ಇತ್ತು. 49ರಿಂದ ಅದರ ಬದಲು 3100 ಎಂಬ ಅಂಕಿ ಬಂತು. ಹಾಗಾಗಿ ಇದು ಬಲವಾದ ಸಾಕ್ಷಿಯೇ. ಮೇಸ್ತ್ರಿ ಒಳಗಿನ ನಟ್ಟು ಬಿಚ್ಚಿ ಲಾಂಛನವನ್ನು ಎತ್ತಿದ. ಕೆಳಗೆ ಕಂಡದ್ದು ಮೇಲಿನದೇ ಬಿಳಿ ಬಣ್ಣ, ಅಂಚಿನಲ್ಲಿ ಒಂದು ಗೆರೆಯೂ ಇಲ್ಲ. ಹುಟ್ಟಿನಿಂದ ಅಲ್ಲೇ ಇದ್ದ ಲಾಂಛನವಾದರೆ ಅದರಡಿಯಲ್ಲಿ ಗಾಡಿಯ ಮೊದಲ ಬಣ್ಣ ಬೆಚ್ಚಗೆ ಉಳಿದಿರಬೇಕಿತ್ತು. ಕಾಯಿನ್ನಿನ ಅಂಚಿನಷ್ಟು ಜಾಗವನ್ನು ವಾಟರ್ ಪೇಪರಿನಲ್ಲಿ ತಿಕ್ಕುತ್ತ ಹೋದರೆ ಬಿಳಿಯ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು, ಆಮೇಲೆ ಪ್ರೈಮರು, ತಗಡು. ಲಾಂಛನ ಕೂತದ್ದು ಕೊನೆಯ ಬಣ್ಣದ ಮೇಲೆ. ಶಿವಾಜಿನಗರದ ಗುಜರಿಯಲ್ಲಿ ಇಂಥವು ತಕ್ಕಡಿಗೆ ಸಿಗುತ್ತಿದ್ದ ಕಾಲವೊಂದಿತ್ತು. ಯಾರೋ ಚೆಂದ ಕಂಡು ತಂದು ಹಾಕಿದ್ದಾರೆ.

ತೀರಾ ನಿಸ್ಸಂಶಯವಾದ ಉತ್ತರ ಕೊಟ್ಟದ್ದು ಪೆಟ್ರೋಲ್ ಟ್ಯಾಂಕು. 47, 48ರ ಪಿಕಪ್‌ಗಳಲ್ಲಿ ಟ್ಯಾಂಕು ಹಿಂದಿನ ಬಾಡಿಯ ಅಡಿಯಲ್ಲಿರುತ್ತದೆ. 49ರ ಮಾದರಿಯಿಂದ ಅದನ್ನು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನ ಹಿಂದೆ ನಿಲ್ಲಿಸಿದರು. ಪೆಟ್ರೋಲ್ ತುಂಬುವ ಬಾಯಿ ಕ್ಯಾಬಿನ್ನಿನ ಪಕ್ಕಕ್ಕೆ, ಬಾಗಿಲ ಹಿಂಬದಿಗೆ ಬಂತು. ನಮ್ಮದರಲ್ಲಿ ಟ್ಯಾಂಕನ್ನು ಡೀಸೆಲ್ ಕೂರಿಸುವಾಗಲೇ ತೆಗೆದುಹಾಕಿದ್ದರು, ಆದರೆ ಬಾಯಿಯ ತೂತು ಅಲ್ಲೇ ಇದೆ, ಮೇಲೆ ಒಂದು ತಗಡು ಬೆಸೆದು ಮುಚ್ಚಿದ್ದಾರೆ. ಒಳಗಿನಿಂದ ಟಾರ್ಚು ಹಾಕಿ ನೋಡಿದರೆ ಅಂಚು ಉಳಿಯಿಂದ ಕತ್ತರಿಸಿದ್ದಲ್ಲ, ಅಚ್ಚಿನಲ್ಲಿ ಒತ್ತಿ ಮಡಿಸಿದ್ದು. ಕಾರ್ಖಾನೆಯ ಕೆಲಸ. ಕ್ಯಾಬಿನ್ 49 ಅಥವಾ ಅದರ ನಂತರದ್ದು. 1947 ಅಲ್ಲಿಗೆ ಮುಗಿಯಿತು.

ಉಳಿದದ್ದು 1949ರಿಂದ 53. ಇಲ್ಲಿ ವ್ಯಾಪಾರಿಯ 1951ಕ್ಕೆ ಬರಬೇಕು. ಅವನ ಕಣ್ಣು ಚುರುಕು, ಒಪ್ಪಲೇಬೇಕು. ಬಾಗಿಲ ಗಾಜಿನ ಮುಂದಿನ ಮೂಲೆಯಲ್ಲಿ ತಿರುಗಿಸಿ ಗಾಳಿ ಬಿಟ್ಟುಕೊಳ್ಳುವ ಚಿಕ್ಕ ತ್ರಿಕೋನ ಗಾಜು ಈ ಸಾಲಿನ ಗಾಡಿಗಳಿಗೆ ಬಂದದ್ದು 51ರಲ್ಲಿ. ಹೊರಗಿನ ಹಿಡಿ 51ರವರೆಗೆ ಕೆಳಕ್ಕೆ ತಿರುಗಿಸುವಂಥದ್ದು, 52ರಿಂದ ಗುಂಡಿ ಒತ್ತುವಂಥದ್ದು. ಎಡಬಾಗಿಲಲ್ಲಿ ತ್ರಿಕೋನ ಗಾಜೂ ಇದೆ, ತಿರುಗಿಸುವ ಹಿಡಿಯೂ ಇದೆ. ಎರಡೂ ಒಟ್ಟಿಗೆ ಇರುವುದು ಒಂದೇ ವರ್ಷದ ಬಾಗಿಲಲ್ಲಿ. ಅದು 1951ರ ಬಾಗಿಲೇ.

ಆದರೆ ವ್ಯಾಪಾರಿ ಬಲಬಾಗಿಲ ಕಡೆಗೆ ಹೋಗಲೇ ಇಲ್ಲ. ಅದರಲ್ಲಿ ತ್ರಿಕೋನ ಗಾಜು ಇಲ್ಲ, ಗಾಜು ಒಂದೇ ತುಂಡು. ಒಂದೇ ಗಾಡಿಗೆ ಎರಡು ಥರದ ಬಾಗಿಲು. ಯಾವುದು ಹುಟ್ಟಿನದು? ಎರಡನ್ನೂ ಬಿಚ್ಚಿ ಕೀಲಿನ ಅಡಿಯ ಬಣ್ಣ ನೋಡಿದೆವು. ಬಲಬಾಗಿಲ ತಳದಲ್ಲಿ ಕ್ಯಾಬಿನ್ನಿನದೇ ಹಸಿರು, ಅದರ ಮೇಲೆ ಅದೇ ಕೆಂಪು, ಅದೇ ಪುಟ್ಟಿ, ಅದೇ ಬಿಳಿ. ಎಡಬಾಗಿಲ ತಳದಲ್ಲಿ ನೀಲಿ. ಹಸಿರಿನ ಸುಳಿವೇ ಇಲ್ಲ, ಕೆಂಪೂ ಇಲ್ಲ. ಬೇರೆ ಗಾಡಿಯಲ್ಲಿ ಹುಟ್ಟಿ ಇಲ್ಲಿಗೆ ಬಂದ ಬಾಗಿಲದು.

ಬಲಬಾಗಿಲು ಹುಟ್ಟಿನದಾದರೆ ಗಾಡಿ 50 ದಾಟುವಂತಿಲ್ಲ. ಕ್ಯಾಬಿನ್ 49ಕ್ಕಿಂತ ಹಿಂದಿನದಲ್ಲ. ಉಳಿದದ್ದು 49 ಮತ್ತು 50, ಎರಡೇ. ಸ್ಪೀಡೋಮೀಟರ್ 80 ಮೈಲಿಯದು. 51ರವರೆಗೂ ಅಷ್ಟೇ ಇತ್ತಾದ್ದರಿಂದ ಹೊಸದಾಗಿ ಏನನ್ನೂ ಹೇಳಲಿಲ್ಲ. ಹಿಂದಿನ ಬಾಡಿಯ ಹಲಗೆ ಎಣಿಸುವ ಪದ್ಧತಿಯೊಂದು ಅಮೆರಿಕದವರಲ್ಲಿದೆ. 51ರ ನಡುವೆ ಒಂಬತ್ತು ಹಲಗೆ ಹೋಗಿ ಎಂಟಾದವು. ನಮ್ಮದರ ಬಾಡಿ ಕಲಾಸಿಪಾಳ್ಯದ ಬಡಗಿಗಳ ಕೈಯಲ್ಲಿ ಎಷ್ಟು ಸಲ ಮರುಹುಟ್ಟು ಪಡೆದಿದೆಯೋ. ಈಗಿರುವುದು ಮತ್ತಿ ಹಲಗೆ, ಅದನ್ನು ಎಣಿಸುವುದು ದಂಡ.

49ಕ್ಕೂ 50ಕ್ಕೂ ವ್ಯತ್ಯಾಸ ಹೇಳುವ ಭಾಗ ಗಾಡಿಯ ಅಡಿಯಲ್ಲಿತ್ತು. 49ರವರೆಗೆ ಶಾಕ್ ಅಬ್ಸಾರ್ಬರ್ ಹಳೆಯ ಕಾಲದ್ದು: ಚಾಸಿಗೆ ಬೋಲ್ಟು ಹಾಕಿದ ಒಂದು ಎಣ್ಣೆ ಡಬ್ಬಿ, ಅದರಿಂದ ಹೊರಟ ಒಂದು ತೋಳು, ತೋಳಿನಿಂದ ಆಕ್ಸಲ್ಲಿಗೆ ಒಂದು ಕೊಂಡಿ. 50ರಿಂದ ಈಗ ನಾವೆಲ್ಲ ನೋಡುವ ಕೊಳವೆಯಾಕಾರದ ಶಾಕ್ ಬಂತು. ಮುಂದಿನ ಎರಡೂ ಕಡೆ ಕೊಳವೆಯವೇ ಇದ್ದವು. ಅದನ್ನು ಕಂಡು ಮಾಲೀಕರು “ಹಾಗಾದ್ರೆ ಐವತ್ತು” ಎಂದು ನಿಟ್ಟುಸಿರು ಬಿಟ್ಟರು. ಮೇಸ್ತ್ರಿ ಇನ್ನೂ ಅಡಿಯಲ್ಲೇ ಮಲಗಿದ್ದ. ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆಯುತ್ತ ಹೋದಾಗ ಮುಂದಿನ ಬ್ರಾಕೆಟ್ಟುಗಳು ನಮ್ಮೂರ ವೆಲ್ಡಿಂಗಿನವು ಎಂದು ತಿಳಿಯಿತು, ಅವುಗಳ ಪಕ್ಕದಲ್ಲಿ ಚಾಸಿಯಲ್ಲಿ ಖಾಲಿ ಬೋಲ್ಟು ತೂತುಗಳು, ಸುತ್ತ ಯಾವುದೋ ಲೋಹ ಒತ್ತಿಕೊಂಡು ಕೂತಿದ್ದ ಗುರುತು. ಹಿಂದಕ್ಕೆ ತೆವಳಿ ಹೋದರೆ ಎಡಗಡೆ ತೋಳಿನ ಶಾಕ್ ಇನ್ನೂ ಇದೆ. ತುಕ್ಕು ಹಿಡಿದು, ಕೊಂಡಿ ಮುರಿದು, ಯಾವ ಉಪಯೋಗಕ್ಕೂ ಬಾರದೆ, ಬಿಚ್ಚಲಾಗದೆ ಹಾಗೇ ಬಿಟ್ಟದ್ದು.

ಗುಜರಿಯಿಂದ ತಂದು ಹಾಕಿದ್ದಿರಬಹುದಲ್ಲ, ಲಾಂಛನದ ಹಾಗೆ, ಎಂದು ನಾನು ಕೇಳಿದೆ.

“ಸಾರ್, ಬ್ಯಾಡ್ಜು ಚೆಂದಕ್ಕೆ ಹಾಕ್ತಾರೆ. ಇದನ್ನ ಯಾರು ನೋಡ್ತಾರೆ? ಹೊಸ ಥರದ್ದು ಬಿಚ್ಚಿ ಹಳೇದು ಹಾಕೋ ದಡ್ಡ ನಾನಂತೂ ಯಾರನ್ನೂ ನೋಡಿಲ್ಲ.”

ಈ ಪ್ರಕರಣದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದದ್ದು ಈ ಮಾತು. ರಿಪೇರಿಗೆ ಒಂದು ದಿಕ್ಕಿದೆ. ಕೆಟ್ಟಾಗ ಜನ ಸಿಕ್ಕಿದ್ದನ್ನು ಹಾಕುತ್ತಾರೆ, ಸಿಗುವುದು ಸಾಮಾನ್ಯವಾಗಿ ಆಮೇಲಿನದು. ಎಡಬಾಗಿಲು, ಡೀಸೆಲ್ ಎಂಜಿನ್, ಮುಂದಿನ ಶಾಕ್ ಎಲ್ಲವೂ ಗಾಡಿಗಿಂತ ಚಿಕ್ಕ ವಯಸ್ಸಿನವು. ಅಲಂಕಾರದ ವಸ್ತು ಮಾತ್ರ ಹಿಂದಕ್ಕೂ ಓಡುತ್ತದೆ. ಹಾಗಾಗಿ ಕಣ್ಣಿಗೆ ಬೀಳದ, ಕೆಲಸಕ್ಕೂ ಬಾರದ ಹಳೆಯ ಭಾಗವೊಂದು ಗಾಡಿಯ ಅಡಿಯಲ್ಲಿ ಉಳಿದಿದ್ದರೆ ಅದನ್ನು ಹುಟ್ಟಿನದು ಎಂದು ಹಿಡಿಯಲು ಧೈರ್ಯ ಬರುತ್ತದೆ.

49ರ ಮಾದರಿ ಎಂದು ಅಲ್ಲಿಗೇ ಬರೆದು ಮುಗಿಸಬಹುದಿತ್ತು. ಆದರೆ ಷೆವರ್ಲೆ ಗಾಡಿಗಳ ದೊಡ್ಡ ಎರಕದ ಭಾಗಗಳ ಮೇಲೆ ಎರಕ ಹೊಯ್ದ ದಿನವನ್ನೇ ಉಬ್ಬಿಸಿ ಬರೆದಿರುತ್ತಾರೆ. ಮೊದಲು ತಿಂಗಳ ಅಕ್ಷರ, ಎ ಎಂದರೆ ಜನವರಿ, ಬಿ ಫೆಬ್ರವರಿ; ಆಮೇಲೆ ತಾರೀಖು; ಕೊನೆಗೆ ಇಸವಿಯ ಕಡೆಯ ಅಂಕಿ ಒಂದೇ. ಮೂಲ ಎಂಜಿನ್ ಹೋಗಿಬಿಟ್ಟಿದೆ. ಗೇರ್ ಬಾಕ್ಸ್ ಮಾತ್ರ ಉಳಿದಿತ್ತು, ಅದಕ್ಕೂ ಕಾರಣವಿದೆ. ಈ ಅರ್ಧ ಟನ್ ಗಾಡಿಗಳಲ್ಲಿ ಹಿಂದಕ್ಕೆ ಹೋಗುವ ಷಾಫ್ಟು ಬಯಲಿನಲ್ಲಿ ತಿರುಗುವುದಿಲ್ಲ, ಒಂದು ಮುಚ್ಚಿದ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಯ ಮುಂದಿನ ತುದಿ ಗೇರ್ ಬಾಕ್ಸಿಗೆ ಸೇರುತ್ತದೆ. ಬೇರೆ ಗೇರ್ ಬಾಕ್ಸ್ ಹಾಕಿದರೆ ಹಿಂದಿನ ಆಕ್ಸಲ್ಲನ್ನೂ ಬದಲಿಸಬೇಕು. ಅಷ್ಟು ಖರ್ಚು ಯಾಕೆಂದು ಆ ಕಾಲದ ಮೇಸ್ತ್ರಿ ನಡುವೆ ಒಂದು ದಪ್ಪ ತಗಡು ಕೊರೆದು ಪರ್ಕಿನ್ಸನ್ನು ಹಳೆಯ ಗೇರ್ ಬಾಕ್ಸಿಗೇ ಜೋಡಿಸಿದ್ದ. ಜಿಪುಣತನ ಎಷ್ಟೋ ಸಾಕ್ಷಿಗಳನ್ನು ಕಾಪಾಡಿದೆ.

ತಂತಿ ಬ್ರಷ್ಷಿನಿಂದ ಗೇರ್ ಬಾಕ್ಸಿನ ಬದಿ ಉಜ್ಜಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ತೀಡಿದಾಗ ಉಬ್ಬಿದ ಅಕ್ಷರಗಳು ಬೆಳ್ಳಗೆ ಎದ್ದವು: ಡಿ, 6, 9. ಏಪ್ರಿಲ್ 6, ಒಂಬತ್ತರಲ್ಲಿ ಕೊನೆಯಾಗುವ ವರ್ಷ. ಅಂಕಿ ಒಂದನ್ನೇ ನೋಡಿದರೆ 39 ಕೂಡ ಆಗಬಹುದು, 59 ಕೂಡ. ಕ್ಯಾಬಿನ್ನು, ಬಲಬಾಗಿಲು, ಹಿಂದಿನ ಶಾಕ್ ಇವುಗಳ ನಡುವೆ ಇಟ್ಟರೆ 1949 ಒಂದೇ ಕೂರುತ್ತದೆ. 1949ರ ಏಪ್ರಿಲ್ 6ಕ್ಕಿಂತ ಮುಂಚೆ ಈ ಗಾಡಿ ಗಾಡಿಯಾಗಿರಲು ಸಾಧ್ಯವಿಲ್ಲ. 49ರ ಮಾದರಿಯ ಭಾಗಗಳಾದ್ದರಿಂದ ಪೆಟ್ಟಿಗೆಗೆ ಬಿದ್ದದ್ದು ಅದೇ ವರ್ಷದೊಳಗೆ. ಹಡಗಿನ ಪ್ರಯಾಣ, ಸೇವ್ರಿಯ ಸರದಿ ಸೇರಿಸಿಕೊಂಡರೆ ಜೋಡಣೆ 49ರ ದ್ವಿತೀಯಾರ್ಧ ಅಥವಾ 50ರ ಆರಂಭ. 49ರ ಸೆಪ್ಟೆಂಬರಿನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಸುಮಾರು 3 ರೂಪಾಯಿ 30 ಪೈಸೆಯಷ್ಟಿದ್ದ ಡಾಲರು 4 ರೂಪಾಯಿ 76 ಪೈಸೆಗೆ ಹೋಯಿತು. ಮೊದಲು ಕೊಂಡವನು ಅದಕ್ಕಿಂತ ಮುಂಚೆ ದುಡ್ಡು ಕಟ್ಟಿದ್ದರೆ ಪುಣ್ಯವಂತ.

ಹಾಗಾದರೆ ಪುಸ್ತಕದ 1954? ಚಿಕ್ಕಪ್ಪನವರೇ ಅದನ್ನು ಬಿಡಿಸಿದರು. ನಾವು ಹೇಳಿದ್ದನ್ನು ಕೇಳಿ ಕೋಪಗೊಂಡು, ತಾತನ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ 1954ರ ಒಂದು ರಸೀತಿ: ಕೊಡಗಿನ ಕಾಫಿ ತೋಟವೊಂದರಿಂದ ಷೆವರ್ಲೆ ಪಿಕಪ್ ಕೊಂಡದ್ದಕ್ಕೆ ಹಣ ಸಂದಾಯ. ಕೊಡಗು ಆಗ ಬೇರೆಯೇ ರಾಜ್ಯ. ಮೈಸೂರಿನೊಂದಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಗಡಿ ದಾಟಿ ಬಂದ ಗಾಡಿಗೆ ಮೈಸೂರು ರಾಜ್ಯದ ಹೊಸ ನಂಬರು ಕೊಟ್ಟರು. ನಕಲು ಪುಸ್ತಕ ಬರೆಯುವಾಗ ಆ ನೋಂದಣಿಯ ವರ್ಷವನ್ನೇ ತಯಾರಾದ ವರ್ಷದ ಜಾಗದಲ್ಲೂ ಇಳಿಸಿದ್ದಾರೆ. ಚಿಕ್ಕಪ್ಪ ರಸೀತಿಯನ್ನು ಎರಡು ಸಲ ಓದಿದರು. “ಮಡಿಕೇರಿಯಿಂದ ಗಾಡಿ ಬಂದಾಗ ಮೈಸೂರ್ ಪಾಕ್ ಹಂಚಿದ್ರು, ಅದು ನೆಪ್ಪೈತೆ. ಅದು ಇದೇನಾ ಹಾಗಾದ್ರೆ?” ಎಂದರು.

ಮಾಲೀಕರಿಗೆ, 50 ವರ್ಷ ದಾಟಿದ ಗಾಡಿಗಳಿಗೆ ಕೊಡುವ ವಿಂಟೇಜ್ ನಂಬರಿನ ಯೋಚನೆಯೂ ಇತ್ತು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ 50 ವರ್ಷದ ಲೆಕ್ಕ ನಡೆಯುವುದು ಮೊದಲ ನೋಂದಣಿಯಿಂದ, ಎರಕದ ದಿನದಿಂದಲ್ಲ. ಹೇಗೆ ಎಣಿಸಿದರೂ ಈ ಗಾಡಿಗೆ ಅದು ದಾಟಿದೆ. ಆದರೆ ಆ ನಿಯಮ ದ್ವಿಚಕ್ರ ವಾಹನಗಳಿಗೂ ಪ್ರಯಾಣಿಕರ ಕಾರುಗಳಿಗೂ ಮಾಡಿದ್ದು, ಇದು ಸರಕಿನ ಗಾಡಿ. ಮೂಲರೂಪದಲ್ಲಿರಬೇಕೆಂಬ ಷರತ್ತಿಗೆ ಪರ್ಕಿನ್ಸ್ ಬೇರೆ ಅಡ್ಡ. ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಆರ್.ಸಿ.ಯ 1954ನ್ನು ತಿದ್ದಿಸಲು ರಸೀತಿ, ಎರಕದ ಗುರುತಿನ ಫೋಟೋ, ಅಫಿಡವಿಟ್ಟು ಇಟ್ಟು ಅರ್ಜಿ ಸಿದ್ಧವಾಗಿದೆ, ಕೊಡುವುದು ಬಿಡುವುದು ಅವರ ಇಷ್ಟ. ಕೊಡದಿದ್ದರೂ ಗಾಡಿಗೇನೂ ನಷ್ಟವಿಲ್ಲ ಎಂದು ನನ್ನ ಅಭಿಪ್ರಾಯ.

ಸಾಮಾನಿನ ಪಟ್ಟಿ ಮಾತ್ರ ಅವತ್ತೇ ಹೋಯಿತು. ಕ್ಯಾಬಿನ್ನಿಗೆ, ಬಲಬಾಗಿಲಿಗೆ, ಮುಂದಿನ ಗಾಜಿಗೆ 1949ರ ರಬ್ಬರು. ಎಡಬಾಗಿಲನ್ನು ಬದಲಿಸುವುದು ಬೇಡ, ಮನೆ ಹೆಂಗಸರೆಲ್ಲ ಆ ತ್ರಿಕೋನ ಗಾಜಿನ ಪಕ್ಕದಲ್ಲೇ ಕೂತು ತಿರುಪತಿಗೆ ಹೋಗಿಬಂದವರು ಎಂದು ಮಾಲೀಕರು ಹೇಳಿದ್ದರಿಂದ ಅದಕ್ಕೆ 1951ರದ್ದು, ಬೇರೆ ಸಾಲಿನಲ್ಲಿ, ಬೇರೆ ಪಾರ್ಟ್ ನಂಬರಿನಲ್ಲಿ.